ಎರಡನೆಯ ಸೈಟು ಯಾರಿಗೆ ಬೇಕು?

ಬೆಳಗಾವಿ ಜಿಲ್ಲೆಯ ಖಾನಾಪುರದಿಂದ ಪಶ್ಚಿಮಕ್ಕೆ ಜಾಂಬೋಟಿ ದಾಟಿ ಕಣಕುಂಬಿಯ ಕಡೆಗೆ ಹೋಗುವಾಗ ರಸ್ತೆ ಬಿಟ್ಟು ಒಂದಿಷ್ಟು ಒಳಗಿಳಿದು ನೋಡಿ. ಮೂವತ್ತು ಹೆಜ್ಜೆ ಆಚೆ ಏನಿದೆಯೋ ತಿಳಿಯುವುದಿಲ್ಲ. ಬೈನೆ ಮರ, ಬೆತ್ತದ ಮೆಳೆ, ಕಾರವಿಯ ಪೊದೆ. ಮಲಪ್ರಭೆ ಹುಟ್ಟುವ ಈ ಸೀಮೆಯಲ್ಲಿ ಜೂನ್ ಬಂತೆಂದರೆ ಅವೆಲ್ಲದರ ಮೇಲೆ ಮಂಜು ಬೇರೆ. ಅದೇ ತಾಲ್ಲೂಕಿನ ಪೂರ್ವದ ಅಂಚಿಗೆ ಬಂದರೆ ಕಬ್ಬಿನ ಹೊಲದಾಚೆ ಅರ್ಧ ಕಿಲೋಮೀಟರು ದೂರದ ಎತ್ತಿನ ಗಾಡಿಯೂ ಕಣ್ಣಿಗೆ ಬೀಳುತ್ತದೆ. ಬಂದೂಕಿಗೆ ಎಂಥ ಸೈಟು ಇರಬೇಕು ಎಂಬ ವಾದವನ್ನು ಮುಕ್ಕಾಲುಪಾಲು ಈ ದೂರಗಳೇ ತೀರ್ಮಾನಿಸುತ್ತವೆ. ವಾದ ಮಾಡುವವರು ಮಾತ್ರ ದೂರವನ್ನು ಕೊನೆಗೆ ಕೇಳುತ್ತಾರೆ.

ವಾದ ಇಷ್ಟು. ರೈಫಲಿನ ಮೇಲೆ ಸ್ಕೋಪ್, ಅಂದರೆ ದುರ್ಬೀನು, ಕೂರಿಸಿದ ಮೇಲೆ ಹಳೆಯ ಕಬ್ಬಿಣದ ಸೈಟುಗಳನ್ನೂ ಉಳಿಸಿಕೊಳ್ಳಬೇಕೇ? ಹಿಂದೆ ಒಂದು ಕಚ್ಚು, ಮುಂದೆ ನಳಿಗೆಯ ತುದಿಯಲ್ಲಿ ಒಂದು ಮಣಿ. ಎರಡನ್ನೂ ಗುರಿಯನ್ನೂ ಒಂದೇ ಗೆರೆಗೆ ತಂದು ಕುದುರೆ ಎಳೆಯುವುದು ಹಳೆಯ ಪದ್ಧತಿ. ಬೇಟೆಗೆ ಪರವಾನಗಿ ಇರುವ ದೇಶಗಳಲ್ಲಿ ಈಗ ಬಹಳಷ್ಟು ಕಂಪನಿಗಳು ಕಚ್ಚೂ ಮಣಿಯೂ ಇಲ್ಲದ ಬೋಳು ನಳಿಗೆಯ ರೈಫಲನ್ನೇ ಮಾರುತ್ತವೆ. ಸ್ಕೋಪ್ ಕೈಕೊಟ್ಟರೆ ಗತಿ ಏನು ಎಂದು ಒಂದು ಗುಂಪು ಕೇಳುತ್ತದೆ. ಈಗಿನ ಸ್ಕೋಪ್ ಕೈಕೊಡುವುದೇ ಇಲ್ಲ ಎಂದು ಇನ್ನೊಂದು ಗುಂಪು ಹೇಳುತ್ತದೆ.

ನಮ್ಮಲ್ಲಿ ಬೇಟೆಗಾರನೆಂಬ ವೃತ್ತಿಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮುಗಿಸಿತು. ಹಾಗೆಂದು ಪ್ರಶ್ನೆ ಮುಗಿಯಲಿಲ್ಲ. ಆ ಕಾಯ್ದೆಯ 11ನೇ ಕಲಮಿನ ಪ್ರಕಾರ ಮನುಷ್ಯರ ಜೀವಕ್ಕೆ ಅಪಾಯವಾದ ಪ್ರಾಣಿಯನ್ನು ಕೊಲ್ಲಲು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಅನುಮತಿ ಕೊಡಬಹುದು. 2014ರ ಕೊನೆಯಲ್ಲಿ ಖಾನಾಪುರ ಅದನ್ನು ಕಣ್ಣಾರೆ ಕಂಡಿತು. ಚಿಕ್ಕಮಗಳೂರು ಜಿಲ್ಲೆಯಲ್ಲಿ ಸೆರೆಸಿಕ್ಕ ಹುಲಿಯೊಂದನ್ನು ತಂದು ಇದೇ ತಾಲ್ಲೂಕಿನ ಭೀಮಗಡದ ಕಾಡಿಗೆ ಬಿಟ್ಟಿದ್ದರು. ಡಿಸೆಂಬರಿನಲ್ಲಿ ಖಾನಾಪುರ ತಾಲ್ಲೂಕಿನ ಹಳ್ಳಿಯ ಮಹಿಳೆಯೊಬ್ಬರು ಅದಕ್ಕೆ ಬಲಿಯಾದರು. ಊರವರು ರೊಚ್ಚಿಗೆದ್ದರು, ತಂಡಗಳು ಕಾಡು ಹೊಕ್ಕವು, ತಿಂಗಳು ಮುಗಿಯುವ ಮೊದಲೇ ಹುಲಿಯನ್ನು ಗುಂಡಿಟ್ಟು ಕೊಂದರು. ಭೀಮಗಡ ವನ್ಯಧಾಮವಾಗಿ ಆಗ ಮೂರೇ ವರ್ಷ ಕಳೆದಿತ್ತು; ಅದರ ವಿಸ್ತಾರ ಸುಮಾರು 190 ಚದರ ಕಿಲೋಮೀಟರು. ಹುಲಿಯನ್ನು ಅಲ್ಲಿಗೆ ತಂದದ್ದು ಸರಿಯೇ ಎಂಬುದು ಬೇರೊಂದು ಅಧ್ಯಾಯದ ಮಾತು. ಇಲ್ಲಿ ನನಗೆ ಬೇಕಾದದ್ದು ಇಂಥ ಕಾಡಿನಲ್ಲಿ, ಇಂಥ ಕೆಲಸಕ್ಕೆ, ಬಂದೂಕು ಹಿಡಿದವನ ಕಣ್ಣು ಮತ್ತು ನಳಿಗೆಯ ನಡುವೆ ಏನು ನಡೆಯುತ್ತದೆ ಎಂಬುದು.

ಕಬ್ಬಿಣದ ಸೈಟಿನ ಕಷ್ಟ ಕಬ್ಬಿಣದ್ದಲ್ಲ, ಕಣ್ಣಿನದು. ಹಿಂದಿನ ಕಚ್ಚು ಕಣ್ಣಿನಿಂದ ಒಂದು ಒಂದೂವರೆ ಅಡಿಯಲ್ಲಿದೆ. ಮುಂದಿನ ಮಣಿ ಸುಮಾರು 90 ಸೆಂಟಿಮೀಟರಿನಲ್ಲಿದೆ. ಗುರಿ ಮೂವತ್ತೋ ಅರವತ್ತೋ ಮೀಟರಿನಲ್ಲಿದೆ. ಕಣ್ಣಿನ ಮಸೂರ ಒಂದು ಗಳಿಗೆಯಲ್ಲಿ ಒಂದೇ ದೂರಕ್ಕೆ ಹದಗೊಳ್ಳಬಲ್ಲದು. ಆದ್ದರಿಂದ ಈ ಮೂರರಲ್ಲಿ ಎರಡು ಯಾವಾಗಲೂ ಮಸುಕು. ಯಾವುದನ್ನು ಸ್ಪಷ್ಟವಾಗಿ ನೋಡಬೇಕು ಎಂದು ಹೊಸಬರನ್ನು ಕೇಳಿದರೆ ಎಲ್ಲರೂ ಹೇಳುವುದು ಗುರಿಯನ್ನು. ಬೆಳಗಾವಿಯ ಕ್ಯಾಂಪಿನಲ್ಲಿರುವ ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಕೇಂದ್ರವಿರಲಿ, ಬೇರೆ ಯಾವ ಸೈನಿಕ ಕೇಂದ್ರವಿರಲಿ, ರಂಗರೂಟನಿಗೆ ಮೊದಲು ಬಿಡಿಸುವ ಚಾಳಿ ಇದೇ. ಸ್ಪಷ್ಟವಾಗಿ ಕಾಣಬೇಕಾದದ್ದು ಮುಂದಿನ ಮಣಿ.

ಕಾರಣ ಸರಳ ರೇಖಾಗಣಿತ. ಕಚ್ಚಿಗೂ ಮಣಿಗೂ ನಡುವೆ 60 ಸೆಂಟಿಮೀಟರು ಅಂತರ ಇದೆಯೆನ್ನಿ. ಮಣಿ ಕಚ್ಚಿನ ನಡುವಿನಿಂದ ಒಂದೇ ಮಿಲಿಮೀಟರು ಸರಿದಿದ್ದರೆ 30 ಮೀಟರಿನಲ್ಲಿ ಗುಂಡು 5 ಸೆಂಟಿಮೀಟರು ಪಕ್ಕಕ್ಕೆ ಬೀಳುತ್ತದೆ, 100 ಮೀಟರಿನಲ್ಲಿ ಸುಮಾರು 17 ಸೆಂಟಿಮೀಟರು. ಗುರಿ ಮಸುಕಾಗಿ ಕಂಡರೆ ತಪ್ಪು ಅಷ್ಟೊಂದು ಬೆಳೆಯುವುದಿಲ್ಲ, ಏಕೆಂದರೆ ಮಸುಕು ಆಕಾರದ ನಡುವನ್ನು ಕಣ್ಣು ಸಾಕಷ್ಟು ಚೆನ್ನಾಗಿಯೇ ಹುಡುಕಿಕೊಳ್ಳುತ್ತದೆ. ಸೈಟುಗಳ ತಪ್ಪು ಮಾತ್ರ ದೂರದ ಜೊತೆ ಗುಣಿಸುತ್ತಾ ಹೋಗುತ್ತದೆ. ಇನ್ನೊಂದು ಲೆಕ್ಕವನ್ನೂ ನೋಡಿ: 2 ಮಿಲಿಮೀಟರು ಅಗಲದ ಮಣಿ 90 ಸೆಂಟಿಮೀಟರು ದೂರದಲ್ಲಿದ್ದರೆ, 100 ಮೀಟರಿನಲ್ಲಿ 22 ಸೆಂಟಿಮೀಟರಿನಷ್ಟು ಗುರಿಯನ್ನು ಮುಚ್ಚಿಬಿಡುತ್ತದೆ. ಮೂವತ್ತು ಮೀಟರಿನಲ್ಲಿ ಮುಚ್ಚುವುದು ಆರೇಳು ಸೆಂಟಿಮೀಟರು ಮಾತ್ರ. ಅಂದರೆ ಕಣಕುಂಬಿಯ ಕಾಡಿನ ದೂರದಲ್ಲಿ ಕಬ್ಬಿಣದ ಸೈಟಿನ ದೋಷಗಳೆಲ್ಲ ಅಂಗೈಯೊಳಗೆ ಅಡಗುತ್ತವೆ; ಕಬ್ಬಿನ ಬಯಲಿನ ದೂರದಲ್ಲಿ ಅಡಗುವುದಿಲ್ಲ.

ಕಬ್ಬಿಣದ ಸೈಟೆಂದರೆ ಒರಟು ಸಾಧನ ಎಂಬ ತಾತ್ಸಾರವೂ ಬೇಡ. ಹಿಂದಿನ ಕಚ್ಚಿನ ಬದಲು ಸಣ್ಣದೊಂದು ತೂತು ಇಟ್ಟರೆ ಇಡೀ ಆಟ ಬದಲಾಗುತ್ತದೆ. ಸೂಜಿರಂಧ್ರದ ಮೂಲಕ ನೋಡಿದಾಗ ಹತ್ತಿರದ್ದೂ ದೂರದ್ದೂ ಏಕಕಾಲಕ್ಕೆ ಹೆಚ್ಚು ಸ್ಪಷ್ಟವಾಗುತ್ತವೆ. ಜೊತೆಗೆ ತೂತಿನ ನಡುವನ್ನು ಕಣ್ಣು ಹೇಳಿಸಿಕೊಳ್ಳದೆ ತಾನೇ ಹಿಡಿಯುತ್ತದೆ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದದ್ದು ಇಂಥ ತೂತಿನ ಸೈಟಿನಿಂದ. ಹಿಗ್ಗಿಸಿ ತೋರಿಸುವ ದುರ್ಬೀನಿಗೆ ಆ ಪಂದ್ಯದಲ್ಲಿ ಜಾಗವೇ ಇಲ್ಲ. ಹತ್ತು ಮೀಟರು ದೂರದ ಫಲಕದ ನಟ್ಟನಡುವಿನ ಚುಕ್ಕೆ ಅರ್ಧ ಮಿಲಿಮೀಟರಿನದು. ಆದರೆ ತೂತಿಗೂ ಬೆಲೆ ತೆರಬೇಕು. ಅದು ಬೆಳಕನ್ನು ಕಡಿಮೆ ಮಾಡುತ್ತದೆ. ಮಳೆಯಲ್ಲಿ ಅದರ ಬಾಯಿಗೆ ನೀರಿನ ಪೊರೆ ಕಟ್ಟಿಕೊಳ್ಳುತ್ತದೆ. ಕಬ್ಬಿಣ ಮಳೆಗೆ ಜಗ್ಗುವುದಿಲ್ಲ ಎನ್ನುವವರು ಜುಲೈ ತಿಂಗಳಲ್ಲಿ ಇದೇ ತಾಲ್ಲೂಕಿನ ಆಮಗಾಂವದ ಕಡೆ ಹೋಗಿ ಆ ತೂತನ್ನು ಊದಿ ಊದಿ ನೋಡಬೇಕು.

ಸ್ಕೋಪ್ ಮಾಡುವ ದೊಡ್ಡ ಉಪಕಾರ ಹಿಗ್ಗಿಸಿ ತೋರಿಸುವುದು ಎಂದು ಎಲ್ಲರೂ ತಿಳಿದಿದ್ದಾರೆ. ನನ್ನ ಮಟ್ಟಿಗೆ ಅದು ಎರಡನೆಯ ಉಪಕಾರ. ಮೊದಲನೆಯದು, ಗುರಿಯ ಬಿಂಬವನ್ನೂ ಅಡ್ಡನೇರ ಗೆರೆಗಳನ್ನೂ ಅದು ಒಂದೇ ಸಮತಲಕ್ಕೆ ತಂದು ನಿಲ್ಲಿಸುತ್ತದೆ. ಮೂರು ದೂರಗಳ ಜಗಳ ಅಲ್ಲಿಗೆ ಮುಗಿಯಿತು. ಐವತ್ತು ದಾಟಿದವರಿಗೆ ಇದು ಎಷ್ಟು ದೊಡ್ಡ ವರ ಎನ್ನುವುದಕ್ಕೆ ಕಣ್ಣಿನ ಲೆಕ್ಕ ನೋಡಬೇಕು. ಹತ್ತಿರದ ವಸ್ತುವಿಗೆ ಹೊಂದಿಕೊಳ್ಳುವ ಕಣ್ಣಿನ ಶಕ್ತಿಯನ್ನು ಡಯಾಪ್ಟರಿನಲ್ಲಿ ಅಳೆಯುತ್ತಾರೆ: ಮೀಟರಿನಲ್ಲಿ ಹೇಳಿದ ದೂರದಿಂದ ಒಂದನ್ನು ಭಾಗಿಸಿದರೆ ಬೇಕಾದ ಡಯಾಪ್ಟರ್ ಸಿಗುತ್ತದೆ. ತೊಂಬತ್ತು ಸೆಂಟಿಮೀಟರಿನ ಮಣಿಗೆ 1.1 ಡಯಾಪ್ಟರ್ ಬೇಕು. ಇಪ್ಪತ್ತರ ಹರೆಯದವನ ಬಳಿ ಹತ್ತರ ಆಸುಪಾಸು ಇರುತ್ತದೆ. ಅರವತ್ತರ ಹೊತ್ತಿಗೆ ಉಳಿಯುವುದು ಒಂದರ ಆಸುಪಾಸು. ಇದ್ದದ್ದನ್ನೆಲ್ಲ ಖರ್ಚು ಮಾಡಿದರೂ ಮಣಿ ಅಂಚಿನಲ್ಲಿ ಕರಗಿದಂತೆಯೇ ಕಾಣುತ್ತದೆ. ಹಿಂದಿನ ಕಚ್ಚಿಗೆ ಎರಡೂವರೆಯಾದರೂ ಬೇಕು, ಅದರ ಮಾತು ಬಿಡಿ.

ಮುಸ್ಸಂಜೆಯಲ್ಲಿ ಸ್ಕೋಪ್ ಬೆಳಕನ್ನು ಹೆಚ್ಚಿಸುತ್ತದೆ ಎಂಬ ನಂಬಿಕೆಯಿದೆ. ಭೌತಶಾಸ್ತ್ರ ಅದಕ್ಕೆ ಒಪ್ಪುವುದಿಲ್ಲ. ಬರೀ ಗಾಜಿನಿಂದ ಮಾಡಿದ ಯಾವ ದುರ್ಬೀನೂ ಹಂದಿಯ ಮೈಯನ್ನು ಬರಿಗಣ್ಣಿಗೆ ಕಂಡದ್ದಕ್ಕಿಂತ ಹೊಳಪಾಗಿ ತೋರಿಸಲಾರದು. ಪ್ರತಿ ಗಾಜಿನ ಮೈಯಲ್ಲೂ ಬೆಳಕು ಒಂದಿಷ್ಟು ಹಿಂದಿರುಗಿ ಹೋಗುತ್ತದೆ. ಲೇಪನವಿಲ್ಲದ ಗಾಜಿನಲ್ಲಿ ಆ ನಷ್ಟ ಮೈಗೆ ಶೇಕಡಾ 4ರಷ್ಟು. ಹತ್ತು ಮೈ ದಾಟುವಷ್ಟರಲ್ಲಿ ಮೂರರಲ್ಲೊಂದು ಪಾಲು ಮಾಯ. ಜರ್ಮನಿಯ ಝೈಸ್ ಕಂಪನಿಯಲ್ಲಿದ್ದ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಪ್ರತಿಫಲನ ತಡೆಯುವ ಲೇಪನ ಕಂಡುಹಿಡಿದ ಮೇಲೆಯೇ ಸ್ಕೋಪ್ ಮುಸ್ಸಂಜೆಗೆ ಒದಗುವ ಸಾಧನವಾದದ್ದು. ಹಾಗಾದರೆ ಸಂಜೆ ಅದರಲ್ಲಿ ಚೆನ್ನಾಗಿ ಕಾಣುವುದು ಏಕೆ? ಮಬ್ಬಿನಲ್ಲಿ ನಮ್ಮ ಅಕ್ಷಿಪಟಲ ಸಣ್ಣ ವಿವರಗಳನ್ನು ಬಿಡಿಸಲಾರದು. ಬಿಂಬ ನಾಲ್ಕು ಪಟ್ಟು ದೊಡ್ಡದಾದರೆ ಅದೇ ಮಬ್ಬು ಬೆಳಕಿನಲ್ಲೂ ಕಿವಿ ಯಾವುದು, ಎಲೆ ಯಾವುದು ಎಂದು ತಿಳಿಯುತ್ತದೆ. ಮುಂದಿನ ಗಾಜಿನ ಅಗಲವನ್ನು ಹಿಗ್ಗುವ ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ: 32 ಮಿಲಿಮೀಟರು ಗಾಜು, 4 ಪಟ್ಟು ಎಂದರೆ 8 ಮಿಲಿಮೀಟರು. ಕತ್ತಲಲ್ಲಿ ಎಳೆಯರ ಕಣ್ಣಿನ ಪಾಪೆ ಅಗಲಿಸುವುದು ಏಳರವರೆಗೆ. ಅಲ್ಲಿಗೆ ಸಾಕು. ಅದೇ ಸ್ಕೋಪನ್ನು ಹತ್ತು ಪಟ್ಟಿಗೆ ತಿರುಗಿಸಿದರೆ ಮೂರು ಮಿಲಿಮೀಟರಿನ ಕಂಬ ಉಳಿದು ಸಂಜೆ ಬೇಗ ಕತ್ತಲಾಗುತ್ತದೆ.

ಈಗ ಖಾನಾಪುರದ ಮೂವತ್ತು ಹೆಜ್ಜೆಗೆ ಬನ್ನಿ. ಒಂಬತ್ತು ಪಟ್ಟಿಗೆ ತಿರುಗಿಸಿದ ಸ್ಕೋಪಿನಲ್ಲಿ 100 ಮೀಟರು ದೂರದಲ್ಲಿ ಕಾಣುವ ಹರವು ಸುಮಾರು 4 ಮೀಟರು. ಇಪ್ಪತ್ತೈದು ಮೀಟರಿನಲ್ಲಿ ಅದು ಒಂದೇ ಮೀಟರು. ಕಾಡುಹಂದಿ ಆ ದೂರದಲ್ಲಿ ನುಗ್ಗಿ ಬಂದರೆ ಸ್ಕೋಪಿನ ತುಂಬ ಕಾಣುವುದು ಕಪ್ಪು ಕೂದಲು. ತಲೆ ಎಡಕ್ಕಿದೆಯೋ ಬಲಕ್ಕಿದೆಯೋ ಗೊತ್ತಾಗುವುದಿಲ್ಲ. ಕಾಡುಕೋಣವಾದರೆ ಅದೂ ಇಲ್ಲ, ಕತ್ತಲೆ ಅಷ್ಟೇ. ಒಂದೂವರೆ ಪಟ್ಟಿಗೆ ಇಳಿಸಿಟ್ಟರೆ ಇಡೀ ಪ್ರಾಣಿ ಕಾಣುತ್ತದೆ. ಆದರೆ ಗಾಬರಿಯಲ್ಲಿ ಪಟ್ಟು ಬದಲಿಸುವ ಉಂಗುರ ತಿರುಗಿಸುವುದು ಯಾರಿಗೂ ನೆನಪಾಗುವುದಿಲ್ಲ, ಹಾಗಾಗಿ ಕಾಡು ಹೊಗುವಾಗಲೇ ಇಳಿಸಿಟ್ಟಿರಬೇಕು. ಕಣ್ಣು ಗಾಜಿನಿಂದ ಎಂಟೊಂಬತ್ತು ಸೆಂಟಿಮೀಟರು ಹಿಂದೆ, ಸರಿಯಾದ ಜಾಗದಲ್ಲಿ ಇಲ್ಲದಿದ್ದರೆ ಕಪ್ಪು ಚಂದ್ರಕಲೆ ಮಾತ್ರ ಕಾಣುವುದುಂಟು. ಚಾಪೆಯ ಮೇಲೆ ಬೋರಲು ಮಲಗಿ ಹೊಡೆಯುವವನಿಗೆ ಇದು ತೊಡಕಲ್ಲ. ಇಳಿಜಾರಿನಲ್ಲಿ ಒಂದು ಕಾಲು ಜಾರುತ್ತಿರುವವನಿಗೆ ತೊಡಕು.

ಮಿಕ್ಕ ದೋಷಗಳು ಈ ದೂರದಲ್ಲಿ ಸಣ್ಣವು. 91 ಮೀಟರಿಗೆ ಹೊಂದಿಸಿದ ಸ್ಕೋಪಿನಲ್ಲಿ 30 ಮೀಟರಿನ ಗುರಿಯನ್ನು ಓರೆಗಣ್ಣಿನಿಂದ ನೋಡಿದರೂ ತಪ್ಪು ಹೆಚ್ಚೆಂದರೆ ಒಂದೂವರೆ ಸೆಂಟಿಮೀಟರು. ಸ್ಕೋಪ್ ನಳಿಗೆಗಿಂತ ನಾಲ್ಕು ಸೆಂಟಿಮೀಟರು ಮೇಲಿರುವುದರಿಂದ ಐದು ಮೀಟರಿನಲ್ಲಿ ಗುಂಡು ಅಷ್ಟೇ ಕೆಳಗೆ ಬೀಳುತ್ತದೆ. ಹುಲಿ ಐದು ಮೀಟರಿನಲ್ಲಿದ್ದಾಗ ನಾಲ್ಕು ಸೆಂಟಿಮೀಟರಿನ ಲೆಕ್ಕ ಯಾರೂ ಹಾಕುವುದಿಲ್ಲ ಬಿಡಿ.

ಸ್ಕೋಪ್ ನಿಜವಾಗಿ ಸೋಲುವುದು ನೀರಿಗೆ. ಒಳ್ಳೆಯ ಸ್ಕೋಪಿನೊಳಗೆ ಒಣ ಸಾರಜನಕವನ್ನೋ ಆರ್ಗಾನನ್ನೋ ತುಂಬಿ ರಬ್ಬರು ಉಂಗುರಗಳಿಂದ ಮುಚ್ಚಿರುತ್ತಾರೆ, ಒಳಗೆ ಹಬೆ ಕಟ್ಟದು. ಹೊರಮೈಯ ಕಥೆ ಬೇರೆ. ಗಾಳಿ 22 ಡಿಗ್ರಿ, ತೇವಾಂಶ ಶೇಕಡಾ 95 ಇದ್ದರೆ ಇಬ್ಬನಿ ಕಟ್ಟುವ ಉಷ್ಣತೆ ಸುಮಾರು 21 ಡಿಗ್ರಿ. ಅಂದರೆ ಗಾಜು ಗಾಳಿಗಿಂತ ಒಂದೇ ಡಿಗ್ರಿ ತಣ್ಣಗಿದ್ದರೂ ಮಂಜಾಗುತ್ತದೆ. ಎ.ಸಿ. ಹಾಕಿದ ಜೀಪಿನಲ್ಲಿ ಬೆಳಗಾವಿಯಿಂದ ರೈಫಲು ತಂದು ಜಾಂಬೋಟಿಯಲ್ಲಿ ಬಾಗಿಲು ತೆರೆದು ಇಳಿಸಿದರೆ ಕೆಲವು ನಿಮಿಷ ಆ ಸ್ಕೋಪು ಬರೀ ಕೊಳವೆ. ಹಿಂದಿನ ಗಾಜಿಗೆ ಏದುಸಿರಿನ ಹಬೆಯೂ ಸೇರಿಕೊಳ್ಳುತ್ತದೆ. ಒರೆಸಬಹುದು, ಆದರೆ ಒರೆಸಲು ಒಣ ಬಟ್ಟೆ ಬೇಕಲ್ಲ, ಆ ಮಳೆಯಲ್ಲಿ ಒಣ ಬಟ್ಟೆ ಎಲ್ಲಿಂದ ತರುವುದು?

ಎರಡನೆಯ ಸೋಲು ತಿರುಪಿನದು. ಪ್ರತಿ ಗುಂಡಿಗೂ ರೈಫಲು ಹಿಂದಕ್ಕೆ ಒದೆಯುತ್ತದೆ, ಸ್ಕೋಪ್ ಇದ್ದಲ್ಲೇ ಇರಲು ನೋಡುತ್ತದೆ. ನಡುವೆ ಸಿಕ್ಕಿ ನಲುಗುವುದು ನಾಲ್ಕಾರು ಸಣ್ಣ ತಿರುಪುಗಳು. ಒಂದು ತಿರುಪು ಸಡಿಲಾಗಿ ಸ್ಕೋಪಿನ ಒಂದು ತುದಿ ಕೂದಲೆಳೆಯಷ್ಟು ಎದ್ದರೂ ನೋಡುವವನಿಗೆ ಏನೂ ತಿಳಿಯುವುದಿಲ್ಲ. ಗೆರೆಗಳು ಸ್ಪಷ್ಟ, ಬಿಂಬ ಸ್ಪಷ್ಟ, ಗುಂಡು ಮಾತ್ರ ಎಲ್ಲಿಗೋ ಹೋಗುತ್ತದೆ. ಮಂಜಾದ ಗಾಜು ತಾನು ಕೆಟ್ಟಿದ್ದೇನೆಂದು ಹೇಳುತ್ತದೆ. ಸಡಿಲಾದ ಸ್ಕೋಪ್ ಹೇಳುವುದಿಲ್ಲ. ಎರಡನೆಯ ಸೈಟು ಬೇಕು ಎನ್ನುವವರು ಮೊದಲನೆಯ ಸೋಲನ್ನೇ ಮುಂದಿಡುತ್ತಾರೆ. ಅಪಾಯ ಹೆಚ್ಚು ಇರುವುದು ಎರಡನೆಯದರಲ್ಲಿ, ಮತ್ತು ಅಲ್ಲಿ ಎರಡನೆಯ ಸೈಟಿನಿಂದ ಏನೂ ಉಪಯೋಗವಿಲ್ಲ. ಕೆಟ್ಟಿದೆ ಎಂದು ಗೊತ್ತೇ ಇಲ್ಲದಿರುವಾಗ ಯಾರು ಬದಲಿಯ ಕಡೆ ತಿರುಗುತ್ತಾರೆ?

ಎಂಜಿನಿಯರುಗಳು ಬದಲಿ ವ್ಯವಸ್ಥೆಯ ಬಗ್ಗೆ ಮಾತಾಡುವಾಗ ಒಂದು ಷರತ್ತು ಹಾಕುತ್ತಾರೆ: ಎರಡೂ ಒಂದೇ ಕಾರಣಕ್ಕೆ ಕೆಡಬಾರದು. ನೂರು ಸಲದಲ್ಲಿ ಒಮ್ಮೆ ಸ್ಕೋಪ್ ಕೆಡುತ್ತದೆ, ನೂರರಲ್ಲಿ ಒಮ್ಮೆ ಕಬ್ಬಿಣದ ಸೈಟು ಕೆಡುತ್ತದೆ ಎಂದು ಸುಮ್ಮನೆ ಊಹಿಸಿಕೊಳ್ಳೋಣ. ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ಎರಡೂ ಒಟ್ಟಿಗೆ ಕೆಡುವುದು ಹತ್ತು ಸಾವಿರದಲ್ಲಿ ಒಮ್ಮೆ. ಕಾಗದದ ಮೇಲೆ ಚೆಂದದ ಲೆಕ್ಕ. ಆದರೆ ಸ್ಕೋಪ್ ಕೆಡಲು ಮುಖ್ಯ ಕಾರಣ ರೈಫಲು ಬಂಡೆಗೆ ಬಡಿದದ್ದು ಎಂದಾದರೆ ಅದೇ ಪೆಟ್ಟು ಮುಂದಿನ ಮಣಿಯನ್ನೂ ಬಾಗಿಸಿರಬಹುದು, ಆಗ ಹತ್ತು ಸಾವಿರ ಮತ್ತೆ ನೂರಕ್ಕೆ ಇಳಿಯುತ್ತದೆ. ಮಂಜು, ಕೆಸರು, ಒಡೆದ ಗಾಜು ಇವುಗಳ ವಿರುದ್ಧ ಕಬ್ಬಿಣ ನಿಜವಾದ ಬದಲಿ. ಬಿದ್ದ ಪೆಟ್ಟಿನ ವಿರುದ್ಧ ಅರ್ಧ ಬದಲಿ. ಸ್ಕೋಪಿಗಾಗಿ ಎತ್ತರಿಸಿದ ಹಿಡಿಯ ರೈಫಲಿನಲ್ಲಂತೂ ಅದು ಬದಲಿಯೇ ಅಲ್ಲ. ಕೆನ್ನೆ ಹಿಡಿಯ ಮೇಲೆ ಕೂತಾಗ ಕಣ್ಣು ಸ್ಕೋಪಿನ ಎತ್ತರಕ್ಕಿರುತ್ತದೆ, ಕೆಳಗಿನ ಕಚ್ಚನ್ನು ನೋಡಲು ಕತ್ತು ಕುಗ್ಗಿಸಬೇಕು. ಸ್ಕೋಪನ್ನು ಮೊದಲು ಕಳಚಬೇಕು ಎಂಬ ಮಾತೂ ಇದೆ. ತಿರುಪುಳಿ ಹುಡುಕುತ್ತ ನಿಂತವನಿಗೆ ಕಾಯುವ ಪ್ರಾಣಿ ಯಾವುದೂ ಇಲ್ಲ.

ಸೈನ್ಯದವರು ಈ ಗಂಟನ್ನು ಬಹಳ ಹಿಂದೆಯೇ ಬಿಡಿಸಿದ್ದಾರೆ. 1963ರಲ್ಲಿ ಸೋವಿಯತ್ ಸೇನೆಗೆ ಸೇರಿದ ದ್ರಾಗುನೋವ್ ರೈಫಲನ್ನು ನಮ್ಮ ಸೈನ್ಯವೂ ದಶಕಗಳ ಕಾಲ ಬಳಸಿದೆ, ತಿರುಚಿರಾಪಳ್ಳಿಯ ಕಾರ್ಖಾನೆಯಲ್ಲಿ ಅದು ತಯಾರಾಗಿದೆ. ಅದರ ನಾಲ್ಕು ಪಟ್ಟಿನ ಸ್ಕೋಪಿನ ಹಿಡಿಕೆ ಕೂರುವುದು ರೈಫಲಿನ ಎಡಮಗ್ಗುಲಿಗೆ. ಸ್ಕೋಪ್ ಮೇಲೆ ಇದ್ದಂತೆಯೇ ಅದರ ಅಡಿಯಿಂದ ಕಬ್ಬಿಣದ ಸೈಟು ಕಾಣುತ್ತದೆ. ಏನನ್ನೂ ಕಳಚಬೇಕಿಲ್ಲ, ತಲೆಯನ್ನು ಎರಡು ಬೆರಳು ಕೆಳಗಿಳಿಸಿದರಾಯಿತು. ಖಾನಾಪುರ ತಾಲ್ಲೂಕಿನ ತೋರಾಳಿಯಲ್ಲಿ ಸಿ.ಆರ್.ಪಿ.ಎಫ್.ನ ಕೋಬ್ರಾ ಪಡೆಗೆ ಕಾಡಿನ ಯುದ್ಧ ಕಲಿಸುವ ಶಾಲೆಯಿದೆ. ಅಂಥ ಶಾಲೆಗೆ ಈ ಕಾಡನ್ನು ಆರಿಸಿಕೊಂಡದ್ದರಲ್ಲಿ ನಮ್ಮ ಪ್ರಶ್ನೆಯ ಅರ್ಧ ಉತ್ತರವಿದೆ: ಹತ್ತಿರದಲ್ಲಿ, ತಟ್ಟನೆ, ಎಲೆಯ ಮರೆಯಿಂದ ಎದುರಾಗುವುದನ್ನು ಕಲಿಸುವ ನೆಲ ಇದು.

ಹತ್ತಿರ, ತಟ್ಟನೆ. ಬೇಟೆಯ ಸಾಹಿತ್ಯ ಓದಿದವರಿಗೆ ಆ ಗಳಿಗೆ ಯಾವಾಗ ಬರುತ್ತದೆಂದು ಗೊತ್ತು. ಮೊದಲ ಗುಂಡಿಗೆ ಅಲ್ಲ, ಎರಡನೆಯದಕ್ಕೆ. ಮೊದಲ ಗುಂಡಿಗೆ ಪುರಸತ್ತಿರುತ್ತದೆ: ಅಟ್ಟಣಿಗೆ ಇದೆ, ಸತ್ತ ದನ ಕಟ್ಟಿದೆ, ದೂರ ಅಳೆದಿದೆ. ಗಾಯಗೊಂಡ ಪ್ರಾಣಿ ಪೊದೆಗೆ ಹೊಕ್ಕ ಮೇಲೆ ಅದರ ಜಾಡು ಹಿಡಿದು ಹೋಗುವವನಿಗೆ ಏನೂ ಇರುವುದಿಲ್ಲ. ಆಫ್ರಿಕಾದಲ್ಲಿ ಕಾಡೆಮ್ಮೆಯ ಬೇಟೆಗೆ ಹೋಗುವವರು ಇಂದಿಗೂ ಕಬ್ಬಿಣದ ಸೈಟು ಬಿಡದಿರುವುದು ಇದೇ ಕಾರಣಕ್ಕೆ. ಜಿಮ್ ಕಾರ್ಬೆಟ್ ಆಗಲಿ, ತೇಜಸ್ವಿಯವರಿಂದ ಕನ್ನಡಿಗರ ಮನೆಮಾತಾದ ಬೆಂಗಳೂರಿನ ಕೆನೆತ್ ಆಂಡರ್ಸನ್ ಆಗಲಿ, ನಂಬಿದ್ದು ಕಚ್ಚು ಮತ್ತು ಮಣಿಯನ್ನು. ಕಾರ್ಬೆಟ್ 1926ರ ಮೇ ತಿಂಗಳಲ್ಲಿ ರುದ್ರಪ್ರಯಾಗದ ಚಿರತೆಯನ್ನು ಹೊಡೆದದ್ದು ರೈಫಲಿಗೆ ಕಟ್ಟಿದ ವಿದ್ಯುತ್ ಟಾರ್ಚಿನ ಬೆಳಕಿನಲ್ಲಿ. ಗುಂಡು ಹಾರಿದ ಮೇಲೆ ಆ ಟಾರ್ಚೂ ಆರಿಹೋಯಿತು. ಒಂದು ಕ್ಷಣ ಮೊದಲು ಆರಿದ್ದರೆ ಎಷ್ಟು ಜನ ಇನ್ನೂ ಸಾಯುತ್ತಿದ್ದರೋ.

ಹಾಗಾಗಿ ನನಗೆ ಈ ಪ್ರಶ್ನೆಯನ್ನು ತಲೆಕೆಳಗಾಗಿ ಕೇಳಬೇಕೆನ್ನಿಸುತ್ತದೆ. ಬಯಲುನಾಡಿನ ಬೇಟೆಗಾರ ಇನ್ನೂರು ಮುನ್ನೂರು ಮೀಟರಿನಲ್ಲಿ ಜಿಂಕೆಗೆ ಗುರಿಯಿಡುತ್ತಾನೆ. ಅವನಿಗೆ ಸ್ಕೋಪ್ ಮೂಲ, ಕಬ್ಬಿಣ ಬದಲಿ. ಕೈಕೊಟ್ಟರೆ ಮನೆಗೆ ಹೋದರಾಯಿತು, ಜಿಂಕೆ ಅವನ ಮೇಲೆ ಬೀಳುವುದಿಲ್ಲ. ಅಂಥವನಿಗೆ ಎರಡನೆಯ ಸೈಟು ಬೇಡ ಎಂದು ಧಾರಾಳವಾಗಿ ಹೇಳಬಹುದು. ಭೀಮಗಡದಂಥ ಕಾಡಿನಲ್ಲಿ ಕಬ್ಬಿಣವೇ ಮೂಲ. ಸ್ಕೋಪ್ ಮೇಲೆ ಹೇರಿದ ಅನುಕೂಲ, ಮುಸ್ಸಂಜೆಗೂ ವಯಸ್ಸಾದ ಕಣ್ಣಿಗೂ ಒದಗುವಂಥದ್ದು. ನರಭಕ್ಷಕವೆಂದು ಘೋಷಿತವಾದ ಹುಲಿಯನ್ನು ಕೊಲ್ಲಬೇಕಾದಾಗ ಅರಣ್ಯ ಇಲಾಖೆಯ ಪಳಗಿದ ಸಿಬ್ಬಂದಿಯೇ, ತಕ್ಕ ಗಾತ್ರದ ಬಂದೂಕಿನಿಂದ ಕೊಲ್ಲಬೇಕು, ಅಂಥವರಿಲ್ಲದಿದ್ದರೆ ಬೇರೆ ಸರ್ಕಾರಿ ಇಲಾಖೆಯವರನ್ನು ಕರೆಯಬೇಕು ಎನ್ನುತ್ತದೆ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ. ಅಂಥ ತಂಡದ ರೈಫಲಿನಲ್ಲಿ ಕಬ್ಬಿಣದ ಸೈಟು ಇದೆಯೇ ಎನ್ನುವುದಕ್ಕಿಂತ, ಅದನ್ನು ಕಡೆಯ ಸಲ ಯಾವಾಗ ಗುಂಡು ಹೊಡೆದು ಸರಿಹೊಂದಿಸಿದರು ಎಂದು ನಾನು ಕೇಳುತ್ತೇನೆ. ಹೊಂದಿಸದ ಬದಲಿ ಸೈಟು ಇಲ್ಲದ್ದಕ್ಕಿಂತ ಕೇಡು. ಸ್ಕೋಪ್ ಕಳಚಿಟ್ಟು 25 ಮೀಟರಿನಲ್ಲಿ ಹತ್ತು ಗುಂಡು ಹೊಡೆದರೆ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ.

ಬಂದೂಕಿನ ಜಾಗದಲ್ಲಿ ಅರಿವಳಿಕೆ ಕೋವಿ ಬಂದರೆ ಲೆಕ್ಕ ಮತ್ತೆ ಬದಲಾಗುತ್ತದೆ. ಆಗಸ್ಟ್ 2022ರಲ್ಲಿ ಚಿರತೆಯೊಂದು ಬೆಳಗಾವಿ ನಗರದೊಳಗೇ, ಜಾಧವ ನಗರದಲ್ಲಿ ಕಾಣಿಸಿಕೊಂಡು ಗಾಲ್ಫ್ ಮೈದಾನದ ಪೊದೆ ಸೇರಿತು. ಸುತ್ತಲಿನ 22 ಶಾಲೆಗಳಿಗೆ ರಜೆ ಕೊಟ್ಟರು, ಸಕ್ರೆಬೈಲಿನ ಶಿಬಿರದಿಂದ ಆನೆ ತರಿಸಿದರು, ಅರಿವಳಿಕೆ ತಜ್ಞರು ಬಂದರು, ಚಿರತೆ ಸಿಗಲಿಲ್ಲ. ಇಲ್ಲಿ ಸೈಟಿನ ಚರ್ಚೆಗೆ ಹೆಚ್ಚು ಬೆಲೆಯಿಲ್ಲ. ಸೂಜಿಬಾಣ ಗುಂಡಿನಂತೆ ನೆಟ್ಟಗೆ ಹೋಗುವುದಿಲ್ಲ, ನಿಧಾನಕ್ಕೆ ಹೋಗಿ ಬೇಗ ಬಾಗುತ್ತದೆ. ಇಪ್ಪತ್ತು ಮೀಟರಿಗೆ ಹೊಂದಿಸಿದ ಅನಿಲದ ಒತ್ತಡದಲ್ಲಿ ಮೂವತ್ತು ಮೀಟರಿಗೆ ಹೊಡೆದರೆ ಅದು ಚಿರತೆಯ ಕಾಲ ಕೆಳಗೆ ಬೀಳುತ್ತದೆ. ಮೂವತ್ತರ ಒತ್ತಡದಲ್ಲಿ ಇಪ್ಪತ್ತಕ್ಕೆ ಹೊಡೆದರೆ ಮಾಂಸ ಹೊಕ್ಕು ಗಾಯ ಮಾಡುತ್ತದೆ. ಎರಡನೆಯ ಸೈಟಿನ ದುಡ್ಡಿಗೆ ದೂರ ಅಳೆಯುವ ಲೇಸರ್ ಯಂತ್ರ ಕೊಳ್ಳುವುದು ಜಾಣತನ.

ಇನ್ನು ಉಳಿದವರು ರೈತರು, ಖಾನಾಪುರದಲ್ಲಿ ಬಂದೂಕು ಇಟ್ಟುಕೊಂಡವರಲ್ಲಿ ಹೆಚ್ಚಿನವರು ಅವರೇ. ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡಬಹುದೆಂದು 1959ರ ಆಯುಧ ಕಾಯ್ದೆಯ 13ನೇ ಕಲಮಿನಲ್ಲೇ ಬರೆದಿದೆ. ಅದರ ಮೇಲೆ ಅಂಕುಶಗಳು ಬೇಕಾದಷ್ಟು. ಚುನಾವಣೆ ಘೋಷಣೆಯಾದರೆ ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು. 2022ರ ತಿದ್ದುಪಡಿಯ ನಂತರ ವನ್ಯಜೀವಿ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿರುವ ಕಾಡುಹಂದಿಯನ್ನು ಅನುಮತಿಯಿಲ್ಲದೆ ಕೊಲ್ಲುವಂತಿಲ್ಲ. ಹೆಚ್ಚಿನ ಈಡುಗಳು ಹಾರುವುದು ಆಕಾಶಕ್ಕೆ, ಸದ್ದಿಗಾಗಿ. ದಾಂಡೇಲಿಯ ಕಡೆಯಿಂದ ಆನೆ ಬಂದರೆ ಸದ್ದಲ್ಲದೆ ಬೇರೆ ದಾರಿಯೂ ಇಲ್ಲ.

ಇಂಥ ಒಂಟಿ ನಳಿಗೆಯ ಕೋವಿಗೆ ಹಿಂದಿನ ಕಚ್ಚು ಸಾಮಾನ್ಯವಾಗಿ ಇರುವುದೇ ಇಲ್ಲ. ತುದಿಯಲ್ಲಿ ಹಿತ್ತಾಳೆಯ ಮಣಿ, ಅಷ್ಟೇ. ಹಿಂದಿನ ಸೈಟಿನ ಕೆಲಸ ಮಾಡುವುದು ಕಣ್ಣೇ. ಹಿಡಿ ಭುಜಕ್ಕೆ, ಕೆನ್ನೆ ಹಿಡಿಗೆ ಪ್ರತಿ ಸಲವೂ ಒಂದೇ ಕಡೆ ಕೂತರೆ ಕಣ್ಣು ನಳಿಗೆಯ ನೇರಕ್ಕೆ ತಾನಾಗಿ ಬರುತ್ತದೆ. ಚರೆ ಹರಡಿ ಹೋಗುವುದರಿಂದ ಸಣ್ಣ ತಪ್ಪು ಲೆಕ್ಕಕ್ಕಿಲ್ಲ. ಅಪ್ಪನ ಅಳತೆಗೆ ಮಾಡಿಸಿದ ಹಿಡಿಯ ಕೋವಿ ಗಿಡ್ಡ ಮಗನ ಕೈಯಲ್ಲಿ ಗುರಿ ತಪ್ಪುವುದು ಇದರಿಂದಲೇ. ಹೊಡೆದ ಮೇಲೆ ಹೊಗೆ ಮುಚ್ಚುತ್ತದೆ, ಮತ್ತೆ ತುಂಬಲು ನಿಮಿಷವಾದರೂ ಬೇಕು. ಎರಡನೆಯ ಗುಂಡೇ ಇಲ್ಲದವನಿಗೆ ಎರಡನೆಯ ಸೈಟು ಯಾಕೆ? ಅವನಿಗೆ ಬೇಕಾದದ್ದು ಪೊದೆಯಲ್ಲಿ ಅಲುಗಾಡಿದ್ದು ಹಂದಿಯೋ, ಸೌದೆ ಹೊತ್ತ ನೆರೆಯವನೋ ಎಂದು ತಿಳಿಸುವ ಬೆಳಕು. ಸ್ಕೋಪಿನಿಂದ ಅದನ್ನು ನೋಡಬೇಕಾದರೆ ಮೊದಲು ನಳಿಗೆಯನ್ನೇ ಅತ್ತ ತಿರುಗಿಸಬೇಕು. ಕೈಯಲ್ಲಿ ಹಿಡಿದ ಟಾರ್ಚಿಗೆ ಆ ಅಪಾಯವಿಲ್ಲ.

ಮಣಿ ಕಾಣದಾದ ಹಿರಿಯ ಕಣ್ಣುಗಳಿಗೆ ಈಗ ಕೆಂಪು ಚುಕ್ಕೆಯ ಸೈಟೆಂಬುದೂ ಬಂದಿದೆ. ಹಿಗ್ಗಿಸುವುದಿಲ್ಲ, ಎರಡೂ ಕಣ್ಣು ತೆರೆದು ನೋಡಬಹುದು, ಚುಕ್ಕೆ ದೂರದ ಗುರಿಯ ಮೇಲೆಯೇ ಕೂತಂತೆ ಕಾಣುತ್ತದೆ. ಆದರೆ ಅದರ ಸೆಲ್ಲು ಖಾಲಿಯಾಗುತ್ತದೆ, ಅದನ್ನು ಕೂರಿಸಲು ಹಳೆಯ ಕೋವಿಯಲ್ಲಿ ಹಳಿಯೂ ಇರುವುದಿಲ್ಲ. ಅದಕ್ಕಿಂತ ಅಗ್ಗದ ಉಪಾಯವನ್ನು ಗುರಿಕಾರರು ಬಹಳ ಕಾಲದಿಂದ ಬಲ್ಲರು. ದೂರದ ನೋಟಕ್ಕಿರುವ ಕನ್ನಡಕದ ನಂಬರಿಗೆ, ಗುರಿಯಿಡುವ ಕಣ್ಣಿನ ಕಡೆ ಮಾತ್ರ, ಅರ್ಧದಿಂದ ಮುಕ್ಕಾಲು ಡಯಾಪ್ಟರ್ ಸೇರಿಸಿಕೊಳ್ಳುವುದು. ಅರ್ಧ ಸೇರಿಸಿದರೆ ಕಣ್ಣು ಎರಡು ಮೀಟರಿಗೆ ಹದಗೊಂಡಂತಾಗುತ್ತದೆ. ಆಗ ಮಣಿಗೆ 0.6 ಡಯಾಪ್ಟರ್ ಕೊರತೆ, ಗುರಿಗೆ 0.5 ಹೆಚ್ಚು, ಎರಡೂ ಒಂದಿಷ್ಟು ಮಸುಕಾದರೂ ಯಾವುದೂ ಕರಗಿಹೋಗುವುದಿಲ್ಲ. ಓದುವ ಕನ್ನಡಕ ಈ ಕೆಲಸಕ್ಕೆ ಬಾರದು, ಅದು ಪುಸ್ತಕದ ದೂರಕ್ಕೆ ಮಾಡಿದ್ದು. ಬೆಳಗಾವಿಯ ಕನ್ನಡಕದ ಅಂಗಡಿಗೆ ಕೋವಿ ಒಯ್ಯುವಂತಿಲ್ಲವಾದ್ದರಿಂದ, ಹಿಡಿಯನ್ನು ಭುಜಕ್ಕೊತ್ತಿ ಕಣ್ಣಿನಿಂದ ಮಣಿಯವರೆಗಿನ ದೂರವನ್ನು ಮನೆಯಲ್ಲೇ ದಾರದಿಂದ ಅಳೆದು ಬರೆದುಕೊಂಡು ಹೋಗಬೇಕು. ಅಳೆಯುವಾಗ ಕೋವಿ ಖಾಲಿ ಇದೆಯೇ ಎಂದು ಎರಡು ಸಲ ನೋಡಿಕೊಳ್ಳಬೇಕು.